ಸಕ್ಕರೆ ಗುಳಿಗೆ ಡಾಕ್ಟರು ಮಹೇಂದ್ರಲಾಲ್ ಸರ್ಕಾರ್

ಸರ್ ಸಿ. ವಿ. ರಾಮನ್ ಅವರ ಹೆಸರು ನಮಗೆಲ್ಲ ಗೊತ್ತು. ಆದರೆ ರಾಮನ್ ಅವರು ಕಲ್ಕತ್ತೆಯಲ್ಲಿ ಪ್ರಯೋಗ ಮಾಡಿದ ಆ ಸಂಸ್ಥೆಯನ್ನು ಕಟ್ಟಿದವರು ಯಾರು? ಅವರು ಒಬ್ಬ ಹೋಮಿಯೋಪತಿ ಡಾಕ್ಟರು! ಅವರ ಹೆಸರು ಮಹೇಂದ್ರಲಾಲ್ ಸರ್ಕಾರ್. ಈ ಸಲದ ಗೋಡೆ ಪತ್ರಿಕೆಗೆ ನಾನು ಅವರ ಜೀವನ ಚರಿತ್ರೆ ಬರೆದಿದ್ದೇನೆ.

ಮಹೇಂದ್ರಲಾಲರು 1833ನೇ ಇಸವಿ ನವೆಂಬರ್ 2ರಂದು ಬಂಗಾಳದ ಹೌರಾ ಹತ್ತಿರದ ಒಂದು ಹಳ್ಳಿಯಲ್ಲಿ ಹುಟ್ಟಿದರು. ಅವರಿಗೆ ಐದು ವರ್ಷವಿದ್ದಾಗ ತಂದೆ ತೀರಿಕೊಂಡರು. ಒಂಬತ್ತು ವರ್ಷವಾದಾಗ ತಾಯಿಯೂ ಹೋದರು. ಕಲ್ಕತ್ತೆಯಲ್ಲಿ ಸೋದರಮಾವಂದಿರು ಸಾಕಿದರು. ಹೇರ್ ಶಾಲೆಯಲ್ಲಿ ಫೀಸಿಲ್ಲದೆ ಓದಿದರು. ವಿದ್ಯಾರ್ಥಿವೇತನ ಪಡೆದು ಹಿಂದೂ ಕಾಲೇಜಿಗೆ ಹೋದರು, ಆಮೇಲೆ ಮೆಡಿಕಲ್ ಕಾಲೇಜು ಸೇರಿದರು. ಅಲ್ಲಿ ಇನ್ನೂ ಎರಡನೇ ವರ್ಷದಲ್ಲಿದ್ದಾಗಲೇ ಬೆಳಕಿನ ವಿಜ್ಞಾನದ ಬಗ್ಗೆ ಜೊತೆಯ ಹುಡುಗರಿಗೆ ಪಾಠ ಮಾಡು ಅಂತ ಮೇಷ್ಟ್ರುಗಳೇ ಕರೆದರಂತೆ! 1863ರಲ್ಲಿ ಎಂ.ಡಿ. ಪಾಸಾದರು. ಕಲ್ಕತ್ತಾ ವಿಶ್ವವಿದ್ಯಾಲಯದಿಂದ ಎಂ.ಡಿ. ಪಡೆದವರಲ್ಲಿ ಅವರು ಎರಡನೆಯವರು.

ಈಗ ಹೋಮಿಯೋಪತಿ ಎಂದರೇನು ಎಂದು ಹೇಳುತ್ತೇನೆ. ಇದನ್ನು ಶುರು ಮಾಡಿದವರು ಜರ್ಮನಿಯ ಸಾಮ್ಯುಯೆಲ್ ಹಾನಿಮನ್ (1755–1843). ಆರೋಗ್ಯವಾಗಿರುವವನಲ್ಲಿ ಯಾವ ವಸ್ತು ಜ್ವರದಂಥ ಲಕ್ಷಣ ತರುತ್ತದೋ, ಅದನ್ನೇ ತೀರಾ ತೆಳು ಮಾಡಿ ಕೊಟ್ಟರೆ ಜ್ವರ ವಾಸಿಯಾಗುತ್ತದೆ ಎಂಬುದು ಅವರ ವಿಚಾರ. ತೆಳು ಮಾಡೋದು ಹೇಗೆಂದರೆ, ಒಂದು ಹನಿ ಮದ್ದಿಗೆ 99 ಹನಿ ನೀರು ಅಥವಾ ಸ್ಪಿರಿಟ್ ಹಾಕಿ ಕುಲುಕಬೇಕು. ಅದರಲ್ಲಿ ಒಂದೇ ಹನಿ ತೆಗೆದು ಮತ್ತೆ 99 ಹನಿಗೆ ಸೇರಿಸಬೇಕು. ಹೀಗೆ 30 ಸಲ ಮಾಡೋದೂ ಉಂಟು. ಕೊನೆಗೆ ಅದನ್ನು ಸಕ್ಕರೆ ಗುಳಿಗೆಗೆ ಹಾಕಿ ಕೊಡುತ್ತಾರೆ.

ಮಹೇಂದ್ರಲಾಲರು ಮೊದಲು ಇದನ್ನು ನಂಬಿರಲಿಲ್ಲ. ಡಾಕ್ಟರುಗಳ ಸಭೆಯಲ್ಲಿ ಹೋಮಿಯೋಪತಿಯನ್ನು ಟೀಕಿಸಿ ಭಾಷಣ ಕೂಡ ಮಾಡಿದ್ದರು. ಒಂದು ದಿನ ಸ್ನೇಹಿತರೊಬ್ಬರು ಹೋಮಿಯೋಪತಿಯ ಪುಸ್ತಕ ಕೊಟ್ಟು, ಪತ್ರಿಕೆಗೆ ವಿಮರ್ಶೆ ಬರೆಯಿರಿ ಎಂದರು. ಓದಿದ ಮೇಲೆ ಅವರಿಗೆ, ಕಣ್ಣಾರೆ ನೋಡದೆ ಬರೆಯೋದು ಸರಿಯಲ್ಲ ಅನ್ನಿಸಿತು. ಆಗ ಕಲ್ಕತ್ತೆಯಲ್ಲಿ ರಾಜೇಂದ್ರ ದತ್ತ ಎಂಬುವರು ಹೋಮಿಯೋಪತಿ ಮದ್ದು ಕೊಡುತ್ತಿದ್ದರು. ಇವರು ಅಲ್ಲಿಗೇ ಹೋಗಿ ರೋಗಿಗಳನ್ನು ಗಮನಿಸಿದರು. ಗುಣವಾಗುವುದನ್ನು ಕಂಡು ಅವರ ಮನಸ್ಸು ಬದಲಾಯಿತು.

1867ರ ಫೆಬ್ರವರಿಯಲ್ಲಿ ಅದೇ ಡಾಕ್ಟರುಗಳ ಸಂಘದ ಸಭೆಯಲ್ಲಿ ಎದ್ದು ನಿಂತು, ಹೋಮಿಯೋಪತಿಯಲ್ಲಿ ಸತ್ಯವಿದೆ ಎಂದು ಹೇಳಿದರು. ಸಭೆಯಲ್ಲಿ ಗಲಾಟೆಯಾಯಿತು. ಜೊತೆಯ ಡಾಕ್ಟರುಗಳು ಅವರನ್ನು ದೂರ ಮಾಡಿದರು. ದೊಡ್ಡ ಹೆಸರಿದ್ದ ಡಾಕ್ಟರ ಮನೆಗೆ ರೋಗಿಗಳು ಬರೋದೇ ಕಮ್ಮಿಯಾಯಿತು. ಸಂಪಾದನೆ ಬಿದ್ದುಹೋಯಿತು. ಆದರೂ ಅವರು ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. 1868ರಲ್ಲಿ ತಮ್ಮದೇ ವೈದ್ಯಕೀಯ ಪತ್ರಿಕೆ ಶುರು ಮಾಡಿ ಅದರಲ್ಲಿ ಬರೆದರು. ನಿಧಾನಕ್ಕೆ ಜನ ಮತ್ತೆ ಬಂದರು. 1885ರಲ್ಲಿ ರಾಮಕೃಷ್ಣ ಪರಮಹಂಸರಿಗೆ ಗಂಟಲ ಕ್ಯಾನ್ಸರ್ ಆದಾಗ ನೋಡಿಕೊಂಡ ಡಾಕ್ಟರು ಇವರೇ.

ಅವರ ದೊಡ್ಡ ಕೆಲಸ ಬೇರೆಯೇ ಇದೆ. ಭಾರತೀಯರೇ ಹಣ ಕೂಡಿಸಿ, ಭಾರತೀಯರೇ ನಡೆಸುವ ಒಂದು ವಿಜ್ಞಾನ ಸಂಸ್ಥೆ ಬೇಕು ಎಂದು ಅವರು 1869ರಲ್ಲಿ ಬರೆದರು. ಊರೆಲ್ಲ ಚಂದಾ ಕೇಳಿದರು. 1876ರಲ್ಲಿ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಶನ್ ಆಫ್ ಸೈನ್ಸ್ ಎಂಬ ಸಂಸ್ಥೆ ಹುಟ್ಟಿತು. ಅಲ್ಲಿ ಜನರಿಗೆ ವಿಜ್ಞಾನದ ಉಪನ್ಯಾಸಗಳು ನಡೆಯುತ್ತಿದ್ದವು. ಆದರೆ ಪೂರ್ತಿ ಹೊತ್ತು ಸಂಶೋಧನೆ ಮಾಡುವವರನ್ನು ಇಡೋಕೆ ಬೇಕಾದಷ್ಟು ಹಣ ಸೇರಲಿಲ್ಲ. ಆ ಬೇಸರ ಅವರಿಗೆ ಕೊನೆಯವರೆಗೂ ಇತ್ತು. 1904ರ ಫೆಬ್ರವರಿ 23ರಂದು ಅವರು ತೀರಿಕೊಂಡರು.

ಮೂರು ವರ್ಷ ಆದಮೇಲೆ, 1907ರಲ್ಲಿ, ಸರ್ಕಾರಿ ಲೆಕ್ಕಪತ್ರದ ಕೆಲಸಕ್ಕೆ ಕಲ್ಕತ್ತೆಗೆ ಬಂದ ಒಬ್ಬ ಯುವಕ ಆ ಸಂಸ್ಥೆಯ ಬಾಗಿಲು ತಟ್ಟಿದ. ಅವರೇ ಸಿ. ವಿ. ರಾಮನ್. ಮಹೇಂದ್ರಲಾಲರ ಮಗ ಅಮೃತಲಾಲ್ ಸರ್ಕಾರ್ ಅವರು ರಾಮನ್‌ರಿಗೆ ಕೆಲಸ ಮಾಡಲು ಜಾಗ ಕೊಟ್ಟರು. 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮ ಕಂಡುಹಿಡಿದದ್ದು ಅಲ್ಲೇ. 1930ರಲ್ಲಿ ನೊಬೆಲ್ ಬಂತು. 1933ರಲ್ಲಿ ರಾಮನ್ ನಮ್ಮ ಬೆಂಗಳೂರಿಗೆ ಬಂದರು. ಇದನ್ನೆಲ್ಲ ನೋಡಲು ಮಹೇಂದ್ರಲಾಲರು ಇರಲಿಲ್ಲ.

ಈಗ ನಮ್ಮ ದೇಶದಲ್ಲಿ ಹೋಮಿಯೋಪತಿಗೆ ಕಾನೂನಿದೆ. ಮೊದಲನೆಯದು 1973ರಲ್ಲಿ ಬಂತು, ಹೊಸದು 2020ರಲ್ಲಿ ಬಂತು. ಕಾಲೇಜಿನಲ್ಲಿ ಓದಿ ಪದವಿ ಪಡೆದವರೇ ಡಾಕ್ಟರಾಗಬೇಕು. ನಮ್ಮ ಅಜ್ಜಿ ಮಂಡಿ ನೋವಿಗೆ ಇದೇ ಗುಳಿಗೆ ತಗೊಳ್ತಾರೆ. ಪಿಯುಸಿ ವಿಜ್ಞಾನ ಓದುವ ನಮ್ಮ ಅಕ್ಕ ಒಪ್ಪೋದಿಲ್ಲ. ಹಾಗೆ 12 ಸಲ ತೆಳು ಮಾಡಿದ ಮೇಲೆ ಮದ್ದಿನ ಒಂದು ಅಣು ಉಳಿಯೋದೂ ಅನುಮಾನ ಎಂದು ಲೆಕ್ಕ ಹಾಕಿ ತೋರಿಸಿದಳು. 2015ರಲ್ಲಿ ಆಸ್ಟ್ರೇಲಿಯಾದ ವೈದ್ಯಕೀಯ ಸಂಶೋಧನಾ ಮಂಡಳಿ ತುಂಬಾ ಪರೀಕ್ಷೆಗಳನ್ನು ನೋಡಿ, ಯಾವ ಕಾಯಿಲೆಗೂ ಇದು ಕೆಲಸ ಮಾಡುತ್ತದೆ ಎನ್ನಲು ನಂಬುವಂಥ ಸಾಕ್ಷಿ ಇಲ್ಲ ಎಂದು ಹೇಳಿತು.

ಹಾಗಾದ್ರೆ ಮಹೇಂದ್ರಲಾಲರು ಕಂಡದ್ದು ಸುಳ್ಳಾ? ನಾನು ಇದನ್ನು ಬಹಳ ಯೋಚಿಸಿದೆ. ಆ ಕಾಲದ ದೊಡ್ಡ ಡಾಕ್ಟರುಗಳು ಜಿಗಣೆ ಬಿಟ್ಟು ರಕ್ತ ತೆಗೆಯುತ್ತಿದ್ದರು, ಪಾದರಸದ ಮದ್ದು ಕೊಡುತ್ತಿದ್ದರು. ಅದಕ್ಕಿಂತ ಸಕ್ಕರೆ ಗುಳಿಗೆ ತಿಂದು ಮಲಗಿದವರೇ ಚೆನ್ನಾಗಿದ್ದಿರಬೇಕು. ಎಷ್ಟೋ ಕಾಯಿಲೆ ತಾನಾಗಿಯೇ ವಾಸಿಯಾಗುತ್ತದೆ. ಕೆಲವು ರೋಗಿಗಳನ್ನು ನೋಡಿದರೆ ಸಾಲದು, ಗುಳಿಗೆ ತಿಂದವರನ್ನೂ ತಿನ್ನದವರನ್ನೂ ಎಣಿಸಿ ಹೋಲಿಸಬೇಕು. ಅದಕ್ಕೇ ನಾಯಿ ಕಚ್ಚಿದರೆ, ಹಾವು ಕಚ್ಚಿದರೆ ಯಾವ ಗುಳಿಗೆಗೂ ಕಾಯದೆ ಸೀದಾ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು.

ಅವರು ನಂಬಿದ ಮದ್ದು ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ಆದರೆ ನೋಡದೆ ಬೈಯಬಾರದು, ಕಂಡದ್ದನ್ನು ಹೆದರದೆ ಹೇಳಬೇಕು ಎಂದು ಅವರು ನಡೆದುಕೊಂಡ ರೀತಿ ಪಾಸಾಯಿತು. ಪ್ರಯೋಗ ಮಾಡಿ ನೋಡಲಿ ಅಂತ ಅವರು ಕಟ್ಟಿದ ಸಂಸ್ಥೆ ಇವತ್ತಿಗೂ ಇದೆ. ನನಗೆ ಅವರು ಇಷ್ಟವಾಗಿದ್ದು ಇದಕ್ಕೇ.