ಕೆಮ್ಮಣ್ಣಿನ ಬಯಲಿನಲ್ಲಿ ರವೀಂದ್ರರು

ರವೀಂದ್ರನಾಥ ಠಾಕೂರರ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ‘ಗೀತಾಂಜಲಿ’ಯ ಕವಿಯೆಂದು ಶಾಲಾಬಾಲಕನೂ ಅವರನ್ನು ಬಲ್ಲ. ಆದರೆ ಆ ಬಾಲಕನಂಥ ಕಿರಿಯರಿಗೆ ವಿಜ್ಞಾನವನ್ನು ಹೇಗೆ ಕಲಿಸಬೇಕೆಂಬ ಪ್ರಶ್ನೆಯನ್ನು ನಲವತ್ತು ವರ್ಷಗಳ ಕಾಲ ತಮ್ಮದಾಗಿ ಹೊತ್ತವರೂ ಅವರೇ ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದ ಸಂಗತಿಯಲ್ಲ. ಶಾಂತಿನಿಕೇತನವೆಂದರೆ ಹಾಡು, ನೃತ್ಯ, ಮರದ ನೆರಳಿನ ಪಾಠ ಎಂದು ಹೇಳಿ ಮುಗಿಸುವುದು ರೂಢಿಯಾಗಿದೆ. ಮರದ ನೆರಳು ಇದ್ದುದು ನಿಜ. ಆದರೆ ಆ ನೆರಳು ಅಲ್ಲಿಗೆ ತಾನಾಗಿ ಬಂದುದಲ್ಲ.

ಕಲ್ಕತ್ತೆಯ ಜೋಡಾಸಾಂಕೊ ಮನೆಯಲ್ಲಿ 1861ರ ಮೇ 7ರಂದು ಹುಟ್ಟಿದ ರವೀಂದ್ರನಿಗೆ ಶಾಲೆಯೆಂಬುದು ಎಂದೂ ಒಗ್ಗಲಿಲ್ಲ. ಓರಿಯೆಂಟಲ್ ಸೆಮಿನರಿ, ನಾರ್ಮಲ್ ಸ್ಕೂಲ್, ಬೆಂಗಾಲ್ ಅಕಾಡೆಮಿ, ಸೇಂಟ್ ಝೇವಿಯರ್ಸ್ ಎಂದು ಒಂದರಿಂದ ಇನ್ನೊಂದಕ್ಕೆ ಸೇರಿಸಿದ್ದೇ ಬಂತು. ಕಲಿತುದೆಲ್ಲ ಮನೆಯಲ್ಲಿ. ಕೆಲವು ಭಾನುವಾರಗಳಂದು ಸೀತಾನಾಥ ದತ್ತರೆಂಬವರು ವಿಜ್ಞಾನವನ್ನು ಹೇಳಿಕೊಡಲು ಬರುತ್ತಿದ್ದರು. ಒಂದು ದಿನ ಅವರು ಗಾಜಿನ ಪಾತ್ರೆಯಲ್ಲಿ ನೀರು ತುಂಬಿ, ಅದರಲ್ಲಿ ಮರದ ಹೊಟ್ಟನ್ನು ಹಾಕಿ, ಕೆಳಗೆ ಬೆಂಕಿಯಿಟ್ಟರು. ಕಾದ ನೀರು ಹಗುರಾಗಿ ಮೇಲೇರಿತು. ಮೇಲಿನ ತಣ್ಣನೆಯ ನೀರು ಭಾರದಿಂದ ಕೆಳಗಿಳಿಯಿತು. ಕಣ್ಣಿಗೆ ಕಾಣದ ಆ ಓಡಾಟವನ್ನು ಹೊಟ್ಟಿನ ಕಣಗಳು ಕಾಣುವಂತೆ ಮಾಡಿದವು. ಒಂದೇ ಪಾತ್ರೆಯ ನೀರು ಒಳಗೊಳಗೇ ಹೀಗೆ ಎರಡಾಗಿ ಚಲಿಸಬಲ್ಲುದೆಂಬುದು ಹುಡುಗನಿಗೆ ಮಹದಾಶ್ಚರ್ಯ. ಸೀತಾನಾಥರು ಬಾರದ ಭಾನುವಾರ ಅವನ ಪಾಲಿಗೆ ಭಾನುವಾರವೇ ಅಲ್ಲವಾಯಿತು. ಈ ಪ್ರಯೋಗವನ್ನು ಅವರು ಐವತ್ತರ ವಯಸ್ಸಿನ ಆತ್ಮಕಥೆಯಲ್ಲಿಯೂ ಬರೆದರು, ಎಪ್ಪತ್ತಾರರ ವಯಸ್ಸಿನಲ್ಲಿಯೂ ನೆನೆದರು. ಉಪಾಧ್ಯಾಯರು ಗಮನಿಸತಕ್ಕ ಮಾತಿದು: ಇದಕ್ಕೆ ಬೇಕಾದುದು ಒಂದು ಪಾತ್ರೆ, ಒಂದು ಹಿಡಿ ಹೊಟ್ಟು, ಅಷ್ಟೆ.

1873ರಲ್ಲಿ ಉಪನಯನವಾದ ಮೇಲೆ ತಂದೆ ದೇವೇಂದ್ರನಾಥರು ಮಗನನ್ನು ಪ್ರವಾಸಕ್ಕೆ ಕರೆದೊಯ್ದರು. ಮೊದಲು ತಂಗಿದುದು ಬೋಲಪುರದ ಬಳಿ, ಅವರು 1863ರಲ್ಲಿ ಪಡೆದಿದ್ದ ಇಪ್ಪತ್ತು ಬಿಘಾ ಭೂಮಿಯಲ್ಲಿ. ಎರಡು ಸಪ್ತಪರ್ಣದ ಮರಗಳನ್ನು ಬಿಟ್ಟರೆ ಅದು ಬಹುಮಟ್ಟಿಗೆ ಬರಿಯ ಕೆಮ್ಮಣ್ಣಿನ ಬಯಲು. ಮಳೆಯ ನೀರು ಮಣ್ಣನ್ನು ಕೊರೆದು ಕೊರೆದು ಕೊರಕಲುಗಳನ್ನು ಮಾಡಿತ್ತು; ಅಲ್ಲಿಯ ಜನ ಅದನ್ನು ‘ಖೊವಾಯಿ’ ಎನ್ನುತ್ತಾರೆ. ಹುಡುಗ ಆ ಕೊರಕಲುಗಳಲ್ಲಿ ಅಲೆದು ಬಗೆಬಗೆಯ ಕಲ್ಲುಗಳನ್ನು ಅಂಗಿಯ ಮಡಿಲಲ್ಲಿ ತುಂಬಿಕೊಂಡು ತರುತ್ತಿದ್ದ. ತಂದೆ ಅದನ್ನು ಹುಡುಗಾಟವೆಂದು ಜರೆಯಲಿಲ್ಲ, ಮೆಚ್ಚಿದರು. ಮುಂದೆ ಡಾಲ್‌ಹೌಸಿಯ ದಾರಿಯಲ್ಲಿ, ಸಂಜೆ ಪ್ರವಾಸಿಮಂದಿರದ ಅಂಗಳದಲ್ಲಿ ಕುಳಿತು, ನಕ್ಷತ್ರಗಳನ್ನೂ ಗ್ರಹಗಳನ್ನೂ ತೋರಿಸಿ ಖಗೋಳವನ್ನು ವಿವರಿಸಿದರು. ಕೇಳಿದುದನ್ನು ಮಗ ಬರೆದಿಟ್ಟ. ಮಹಾಕವಿಯ ಮೊದಮೊದಲ ಗದ್ಯ ಜ್ಯೋತಿಶ್ಶಾಸ್ತ್ರಕ್ಕೆ ಸಂಬಂಧಿಸಿದುದೆಂಬುದು ಸ್ವಾರಸ್ಯವಲ್ಲವೆ?

ಯೌವನದ ವಿಷಯ ಇಲ್ಲಿ ವಿಸ್ತರಿಸಬೇಕಾದುದಿಲ್ಲ. ಶಿಲೈದಹದಲ್ಲಿ ಜಮೀನ್ದಾರಿಯನ್ನು ನೋಡಿಕೊಳ್ಳುತ್ತಿದ್ದಾಗ ಹಳ್ಳಿಯ ಬಡತನವನ್ನು ಕಣ್ಣಾರೆ ಕಂಡರು. ವಿಜ್ಞಾನಿ ಜಗದೀಶಚಂದ್ರ ಬೋಸರ ಆಪ್ತಮಿತ್ರರಾದರು. ಅವರ ಸಂಶೋಧನೆಗೆ ತ್ರಿಪುರದ ಮಹಾರಾಜರಿಂದ ಧನಸಹಾಯ ದೊರಕಿಸಿದರು.

1901ರ ಡಿಸೆಂಬರ್ 22ರಂದು, ಬಾಲ್ಯದಲ್ಲಿ ಕಲ್ಲು ಹೆಕ್ಕಿದ ಆ ಬಯಲಿನಲ್ಲಿಯೇ ರವೀಂದ್ರರು ಶಾಲೆಯನ್ನು ತೆರೆದರು. ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟು, ಅವರಲ್ಲಿ ಒಬ್ಬ ಹಿರಿಯ ಮಗ ರಥೀಂದ್ರ. ಹಣವಿರಲಿಲ್ಲ. ಪತ್ನಿ ಮೃಣಾಲಿನೀದೇವಿ ತಮ್ಮ ಒಡವೆಗಳನ್ನು ಕೊಟ್ಟರು. ಮರುವರ್ಷ ನವೆಂಬರಿನಲ್ಲಿ ಆಕೆ ತೀರಿಕೊಂಡರು. 1903ರಲ್ಲಿ ಮಗಳು ರೇಣುಕಾ. 1904ರಲ್ಲಿ ಸತೀಶಚಂದ್ರ ರಾಯ್ ಎಂಬ ತರುಣ ಉಪಾಧ್ಯಾಯರು ಶಾಲೆಯಲ್ಲಿಯೇ ಸಿಡುಬಿನಿಂದ ಮಡಿದರು; ಮಕ್ಕಳನ್ನು ಕೆಲಕಾಲ ಶಿಲೈದಹಕ್ಕೆ ಸಾಗಿಸಬೇಕಾಯಿತು. 1905ರಲ್ಲಿ ತಂದೆ. 1907ರ ವಸಂತದಲ್ಲಿ ಕಿರಿಯ ಮಗ ಶಮೀಂದ್ರ ಗೆಳೆಯರನ್ನು ಕೂಡಿಸಿಕೊಂಡು ಶಾಲೆಯಲ್ಲಿ ಋತೂತ್ಸವವನ್ನು ಆಚರಿಸಿದ. ಆ ವರ್ಷದ ನವೆಂಬರಿನಲ್ಲಿ, ಹನ್ನೊಂದರ ಎಳೆಯ ವಯಸ್ಸಿನಲ್ಲಿ, ಕಾಲರಾ ಅವನನ್ನು ಕೊಂಡೊಯ್ದಿತು. ಶಾಲೆಯನ್ನು ಮುಚ್ಚಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ರವೀಂದ್ರರು ಮುಚ್ಚಲಿಲ್ಲ. ಹುಡುಗ ಆರಂಭಿಸಿದ ಋತುಗಳ ಹಬ್ಬ ಅಲ್ಲಿ ನೆಲೆನಿಂತಿತು.

ಆ ಶಾಲೆಗೆ ಮೊದಲಿನಿಂದಲೂ ಒದಗಿದ ವಿಜ್ಞಾನದ ಉಪಾಧ್ಯಾಯರು ಜಗದಾನಂದ ರಾಯರು. ಅವರು ಬರೆಯುತ್ತಿದ್ದ ವಿಜ್ಞಾನ ಲೇಖನಗಳನ್ನು ಮೆಚ್ಚಿದ್ದ ರವೀಂದ್ರರು, ಜಮೀನ್ದಾರಿಯ ಕಚೇರಿಯಲ್ಲಿದ್ದ ಅವರನ್ನು ಮಕ್ಕಳ ನಡುವೆ ತಂದು ನಿಲ್ಲಿಸಿದರು. ಅದು ಸರಿಯಾದ ಆಯ್ಕೆಯಾಯಿತು. ಗಿಡಮರಗಳು, ಹುಳುಹುಪ್ಪಟೆಗಳು, ಹಕ್ಕಿಗಳು, ಗ್ರಹನಕ್ಷತ್ರಗಳು—ಒಂದೊಂದನ್ನು ಕುರಿತೂ ಜಗದಾನಂದರು ಮಕ್ಕಳಿಗಾಗಿ ಬಂಗಾಳಿಯಲ್ಲಿ ಪುಸ್ತಕ ಬರೆದರು. ಹೊರಗಿನ ಶಾಲೆಗಳು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಸುತ್ತಿದ್ದ ಕಾಲದಲ್ಲಿ, ತಾಯ್ನುಡಿಯಲ್ಲಿ, ತಮ್ಮ ಅಂಗಳದ ಹುಳುವನ್ನು ನೋಡಿಯೇ ಕಲಿತ ಮಕ್ಕಳು ಇವರು. 1906ರಲ್ಲಿ ರವೀಂದ್ರರು ಮಗನನ್ನು ಕಳುಹಿಸಿದುದು ಆಕ್ಸ್‌ಫರ್ಡಿಗಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯಕ್ಕೆ, ಕೃಷಿವಿಜ್ಞಾನವನ್ನು ಕಲಿಯಲು.

ಎಲ್ಲವೂ ಎಣಿಸಿದಂತೆ ನಡೆಯಿತೆಂದು ಹೇಳಲಾಗದು. ಮಧ್ಯಮವರ್ಗದ ತಂದೆತಾಯಂದಿರಿಗೆ ಮೆಟ್ರಿಕ್ಯುಲೇಷನ್ ಬೇಕಾಗಿತ್ತು. ಶಾಲೆ ಆ ಪರೀಕ್ಷೆಗೆ ತಲೆಬಾಗಿತು. ಈ ಸೋಲನ್ನು ರವೀಂದ್ರರು ಬಲ್ಲರು. ಆದುದರಿಂದಲೇ 1924ರಲ್ಲಿ, ಪರೀಕ್ಷೆಯ ಹಂಗಿಲ್ಲದ ಬಡ ಹಳ್ಳಿಯ ಮಕ್ಕಳಿಗಾಗಿ ‘ಶಿಕ್ಷಾಸತ್ರ’ವನ್ನು ತೆರೆದರು. ಮಣ್ಣು ಅಗೆಯುವುದು, ತರಕಾರಿ ಬೆಳೆಯುವುದು, ಅಡುಗೆ ಮಾಡುವುದು ಅಲ್ಲಿಯ ಪಾಠ. ಗಿಡ ಏಕೆ ಬಾಡಿತೆಂಬ ಪ್ರಶ್ನೆಯಿಂದಲೇ ವಿಜ್ಞಾನ ಹೊರಡಬೇಕೆಂಬುದು ಉದ್ದೇಶ. ಕೆಲವೇ ಹುಡುಗರಿಂದ ಆರಂಭವಾದ ಆ ಶಾಲೆ 1927ರಲ್ಲಿ, ಎಲ್ಮ್‌ಹರ್ಸ್ಟ್ ಎಂಬ ಆಂಗ್ಲ ಕೃಷಿತಜ್ಞರು ನಿಂತು ಕಟ್ಟಿದ್ದ ಶ್ರೀನಿಕೇತನಕ್ಕೆ ಹೋಯಿತು. ನಮ್ಮ ಅಭಿಪ್ರಾಯದಲ್ಲಿ, ಹೆಸರಾದ ದೊಡ್ಡ ಸಂಸ್ಥೆಗಿಂತ ಈ ಪುಟ್ಟ ಶಾಲೆಯೇ ಅವರ ಮನಸ್ಸಿಗೆ ಹೆಚ್ಚು ಸಮೀಪದ ಚಿತ್ರ.

1928ರ ಜೂನ್ ತಿಂಗಳಲ್ಲಿ ರವೀಂದ್ರರು ಬೆಂಗಳೂರಿನಲ್ಲಿದ್ದರು. ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಬ್ರಜೇಂದ್ರನಾಥ ಶೀಲರ ಆತಿಥ್ಯದಲ್ಲಿ ‘ಶೇಷೇರ್ ಕವಿತಾ’ ಕಾದಂಬರಿಯನ್ನು ಮುಗಿಸಿ ಊರಿಗೆ ಮರಳಿದ ಮೇಲೆ, ಜುಲೈ 14ರಂದು ಶಾಂತಿನಿಕೇತನದಲ್ಲಿ ವೃಕ್ಷಾರೋಪಣದ ಉತ್ಸವ. ಸೊಸೆ ಪ್ರತಿಮಾದೇವಿಯವರು ಕುಂಡದಲ್ಲಿ ಬೆಳೆಸಿದ್ದ ಬಕುಳದ ಸಸಿಯನ್ನು ಹುಡುಗಿಯರು ಶಂಖಧ್ವನಿಯೊಡನೆ ಹಾಡುತ್ತ ಮೆರವಣಿಗೆಯಲ್ಲಿ ತಂದರು. ಭೂಮಿ, ನೀರು, ತೇಜಸ್ಸು, ವಾಯು, ಆಕಾಶಗಳಾಗಿ ಮಕ್ಕಳು ನಿಂತರು. ಗಿಡಕ್ಕೆ ಏನೇನು ಬೇಕೆಂಬ ಪಾಠವನ್ನು ಇದಕ್ಕಿಂತ ಚೆಲುವಾಗಿ ಹೇಳುವುದು ಕಷ್ಟ. ಆ ಸಂದರ್ಭಕ್ಕೆಂದು ಬರೆದ ‘ಬಲಾಯಿ’ ಕಥೆಯಲ್ಲಿ ದಾರಿಯ ನಡುವೆ ಹುಟ್ಟಿದ ಬೂರುಗದ ಗಿಡವನ್ನು ಪ್ರೀತಿಸುವ ಒಬ್ಬ ತಾಯಿಲ್ಲದ ಹುಡುಗನಿದ್ದಾನೆ. ಅವನು ಊರಿನಲ್ಲಿಲ್ಲದಾಗ ಮರವನ್ನು ಕಡಿಸಿಬಿಡುತ್ತಾರೆ. ಮರುದಿನ ಶ್ರೀನಿಕೇತನದಲ್ಲಿ ಹಲಕರ್ಷಣ, ಅಂದರೆ ನೇಗಿಲ ಹಬ್ಬ. ಅರವತ್ತೇಳರ ಕವಿ ತಾವೇ ನೇಗಿಲು ಹಿಡಿದರು.

ಇದು ಕೇವಲ ಕವಿಸಹಜ ವೈಭವವೆಂದು ಬಗೆಯುವವರು ಅವರ 1938ರ ‘ಅರಣ್ಯದೇವತೆ’ ಭಾಷಣವನ್ನು ನೋಡಬೇಕು. ಗಾಳಿಯನ್ನು ಶುದ್ಧಗೊಳಿಸುವುದು ಮರ, ಉದುರಿದ ಎಲೆಯಿಂದ ಮಣ್ಣಿಗೆ ಸಾರ ಕೊಡುವುದು ಮರ; ಲೋಭದಿಂದ ಕಾಡನ್ನು ಕಡಿದ ಮನುಷ್ಯ ತನ್ನ ಕೇಡನ್ನು ತಾನೇ ತಂದುಕೊಂಡನೆಂಬುದು ಅದರ ಸಾರ. ಕೊರಕಲು ಬಿದ್ದ ಭೂಮಿಯಲ್ಲಿ ಬಾಳಿದವರಿಗೆ ಇದು ದಿನನಿತ್ಯದ ಅನುಭವ.

ಅದಕ್ಕೆ ಹಿಂದಿನ ವರ್ಷ, 1937ರಲ್ಲಿ, ‘ವಿಶ್ವಪರಿಚಯ’ ಬಂದಿತ್ತು. ಭೌತವಿಜ್ಞಾನದ ಅಧ್ಯಾಪಕ ಪ್ರಮಥನಾಥ ಸೇನಗುಪ್ತರಿಗೆ ವಹಿಸಿದ್ದ ಕೆಲಸ ಕೊನೆಗೆ ರವೀಂದ್ರರ ಕೈಗೇ ಬಂತು. ಬೇಸಿಗೆಯಲ್ಲಿ ಆಲ್ಮೋರಾದ ಬೆಟ್ಟದಲ್ಲಿ ಕುಳಿತು ಪರಮಾಣು, ನಕ್ಷತ್ರ, ಸೌರಮಂಡಲ, ಭೂಮಿಗಳನ್ನು ಕುರಿತು ತಿದ್ದಿ ತಿದ್ದಿ ಬರೆದರು. ಸುಲಭಗೊಳಿಸುವ ನೆಪದಲ್ಲಿ ವಿಷಯವನ್ನೇ ತೆಳುವಾಗಿಸಲು ಅವರು ಒಪ್ಪಲಿಲ್ಲ. ಪುಸ್ತಕವನ್ನು ವಿಜ್ಞಾನಿ ಸತ್ಯೇಂದ್ರನಾಥ ಬೋಸರಿಗೆ ಅರ್ಪಿಸಿದರು. ಸೀತಾನಾಥ ದತ್ತರ ಗಾಜಿನ ಪಾತ್ರೆಯನ್ನು ಎಪ್ಪತ್ತಾರರ ವಯಸ್ಸಿನಲ್ಲಿ ನೆನೆದುದು ಇದರ ಮುನ್ನುಡಿಯಲ್ಲಿಯೇ.

1941ರ ಆಗಸ್ಟ್ 7ರಂದು, ಬಂಗಾಳಿ ಪಂಚಾಂಗದ ಶ್ರಾವಣ 22ರಂದು, ಜೋಡಾಸಾಂಕೊದಲ್ಲಿ ಅವರು ತೀರಿಕೊಂಡರು. ಶಾಂತಿನಿಕೇತನದ ಮಕ್ಕಳು ಗಿಡ ನೆಡುವ ಹಬ್ಬ ಈಗ ನಡೆಯುವುದು ಆ ದಿನವೇ.