ತಿರುವುಗಳ ಲೆಕ್ಕ ಹಾಕಿದ ವಿಜ್ಞಾನಿ ಜಿ. ಎನ್. ರಾಮಚಂದ್ರನ್

ಸೊಲ್ಲಾಪುರದ ಮಗ್ಗದ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ನೂಲಿನ ಹುರಿ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಅಕ್ಕಲಕೋಟದ ಹಳ್ಳಿಗಳಲ್ಲಿ ಹಗ್ಗ ಹೊಸೆಯುವುದನ್ನು ಕಂಡವರಿಗೂ ಅಷ್ಟೇ. ಎಳೆಗಳು ಒಂದಕ್ಕೊಂದು ಎಷ್ಟು ಹತ್ತಿರ ಬರಬಹುದು, ಎಷ್ಟು ತಿರುಚಬಹುದು ಎಂಬುದು ಅವರಿಗೆ ಕೈಯ ಅಂದಾಜಿನಲ್ಲೇ ತಿಳಿದಿರುತ್ತದೆ. ನಮ್ಮ ದೇಹದೊಳಗಿನ ಅಣುಗಳ ಎಳೆಗಳ ಕುರಿತು ಇದೇ ಪ್ರಶ್ನೆಯನ್ನು ಕೇಳಿ, ಗಣಿತದಿಂದ ಉತ್ತರ ಪಡೆದವರು ಜಿ. ಎನ್. ರಾಮಚಂದ್ರನ್.

ಅವರು 1922ರ ಅಕ್ಟೋಬರ್ 8ರಂದು ಎರ್ನಾಕುಲಂನಲ್ಲಿ ಜನಿಸಿದರು. ತಂದೆ ಕಾಲೇಜಿನಲ್ಲಿ ಗಣಿತ ಬೋಧಿಸುತ್ತಿದ್ದರು. ತಿರುಚಿರಾಪಳ್ಳಿಯಲ್ಲಿ ಪದವಿ ಮುಗಿಸಿ 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಾಗ ಅವರು ಆರಿಸಿಕೊಂಡದ್ದು ವಿದ್ಯುತ್ ಎಂಜಿನಿಯರಿಂಗ್. ಆದರೆ ಸರ್ ಸಿ. ವಿ. ರಾಮನ್ ಅವರ ಪ್ರಭಾವದಿಂದ ಭೌತಶಾಸ್ತ್ರದ ಕಡೆಗೆ ಹೊರಳಿದರು. ಮುಂದೆ ಕೇಂಬ್ರಿಜ್‌ನಲ್ಲಿ ಸಂಶೋಧನೆ ಮುಗಿಸಿ ಬೆಂಗಳೂರಿಗೆ ಮರಳಿದರು. 1952ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಮದ್ರಾಸ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು.

ಚರ್ಮ, ಮೂಳೆ, ಸ್ನಾಯುಬಂಧಗಳಿಗೆ ಬಲ ನೀಡುವ ಕೊಲಾಜನ್ ಎಂಬ ಪ್ರೋಟೀನಿನ ರಚನೆ ಆಗ ಬಿಡಿಸಲಾಗದ ಒಗಟಾಗಿತ್ತು. ಕಾಂಗರೂ ಬಾಲದ ನಾರಿನ ಮೇಲೆ ಕ್ಷ-ಕಿರಣ ಹಾಯಿಸಿ ಪಡೆದ ಚಿತ್ರಗಳನ್ನು ಆಧರಿಸಿ, ಸಹೋದ್ಯೋಗಿ ಗೋಪಿನಾಥ ಕರ್ತಾ ಅವರೊಡನೆ 1954ರಲ್ಲಿ ರಾಮಚಂದ್ರನ್ ಒಂದು ಮಾದರಿಯನ್ನು ಮುಂದಿಟ್ಟರು. ಅದು ಮೂರೆಳೆಯ ಹುರಿ! ಮರುವರ್ಷ ಅದನ್ನೇ ತಿದ್ದಿ, ಮೂರೂ ಎಳೆಗಳು ಒಂದನ್ನೊಂದು ಸುತ್ತಿಕೊಂಡಿರುವಂತೆ ತೋರಿಸಿದರು. ಆದರೆ ಇಂಗ್ಲೆಂಡಿನಿಂದ ಆಕ್ಷೇಪ ಬಂದಿತು. ಡಿಎನ್‌ಎ ರಚನೆಯಿಂದ ಹೆಸರಾಗಿದ್ದ ಫ್ರಾನ್ಸಿಸ್ ಕ್ರಿಕ್ ಮತ್ತು ಅವರ ಜೊತೆಗಾರ ಅಲೆಕ್ಸಾಂಡರ್ ರಿಚ್, ಈ ಮಾದರಿಯಲ್ಲಿ ಕೆಲವು ಪರಮಾಣುಗಳು ಅಸಾಧ್ಯವೆನಿಸುವಷ್ಟು ಹತ್ತಿರವಿವೆ ಎಂದರು. ಮೂರೆಳೆಯ ಮೂಲ ಕಲ್ಪನೆ ಮದ್ರಾಸಿನದೇ ಆಗಿದ್ದರೂ ಬಹುಕಾಲ ಅದಕ್ಕೆ ಸಲ್ಲಬೇಕಾದ ಮನ್ನಣೆ ಪೂರ್ತಿಯಾಗಿ ಸಲ್ಲಲಿಲ್ಲವೆಂದೇ ನನ್ನ ಭಾವನೆ.

ರಾಮಚಂದ್ರನ್ ವಾದಕ್ಕೆ ವಾದ ಹೂಡುತ್ತ ಕೂರಲಿಲ್ಲ. ಎರಡು ಪರಮಾಣುಗಳು ನಿಜಕ್ಕೂ ಎಷ್ಟು ಹತ್ತಿರ ಬರಬಲ್ಲವು ಎಂದು ಹುಡುಕಹೊರಟರು. ಅದುವರೆಗೆ ಪ್ರಕಟವಾಗಿದ್ದ ಸ್ಫಟಿಕ ರಚನೆಗಳಲ್ಲಿನ ಅಂತರಗಳನ್ನೆಲ್ಲ ವಿ. ಶಶಿಶೇಖರನ್ ಅವರೊಡಗೂಡಿ ಕಲೆಹಾಕಿದರು. ಸಾಮಾನ್ಯವಾಗಿ ಇರುವ ಅಂತರ ಒಂದು, ಅಪರೂಪಕ್ಕೆ ಸಹಿಸಬಹುದಾದ ಅಂತರ ಮತ್ತೊಂದು ಎಂದು ಎರಡು ಮಿತಿಗಳನ್ನು ಗೊತ್ತುಪಡಿಸಿದರು. ಪ್ರೋಟೀನ್ ಸರಪಳಿಯ ಪ್ರತಿಯೊಂದು ಕೊಂಡಿಯಲ್ಲೂ ತಿರುಗಬಲ್ಲ ಮುಖ್ಯ ಕೋನಗಳು ಎರಡೇ. ಅವುಗಳ ಹೆಸರು ಫೈ ಮತ್ತು ಸೈ. ಒಂದನ್ನು ಅಡ್ಡಗೆರೆಯ ಮೇಲೆ, ಮತ್ತೊಂದನ್ನು ನಿಲುಗೆರೆಯ ಮೇಲೆ ಇಟ್ಟು, ಪರಮಾಣುಗಳು ಡಿಕ್ಕಿ ಹೊಡೆಯದ ಜಾಗಗಳನ್ನು ಗುರುತಿಸಿದರೆ ಒಂದು ನಕ್ಷೆ ದೊರೆಯುತ್ತದೆ. ಮೇಜಿನ ಮೇಲಿನ ಲೆಕ್ಕಯಂತ್ರದಿಂದ ಈ ಗಣನೆಯ ಹೊರೆ ಹೊತ್ತವರು ಸಿ. ರಾಮಕೃಷ್ಣನ್. ಮೂವರ ಹೆಸರಿನಲ್ಲಿ 1963ರಲ್ಲಿ ಪ್ರಕಟವಾದ ಅದನ್ನು ಜಗತ್ತು ರಾಮಚಂದ್ರನ್ ನಕ್ಷೆ ಎಂದು ಕರೆಯುತ್ತದೆ. ನಮ್ಮ ಮಕ್ಕಳ ಕಂಪಾಸ್ ಪೆಟ್ಟಿಗೆಯಲ್ಲಿರುವ ಕೋನಮಾಪಕ ಅಳೆಯುವುದೂ ಇಂಥ ಕೋನವನ್ನೇ. ಗ್ರಾಫ್ ಕಾಗದದ ಮೇಲೆ ಬಿಂದು ಗುರುತಿಸಬಲ್ಲ ಒಂಬತ್ತನೆಯ ತರಗತಿಯ ಹುಡುಗಿ ಈ ನಕ್ಷೆಯನ್ನು ಕನ್ನಡದಲ್ಲಿಯೇ ಅರ್ಥಮಾಡಿಕೊಳ್ಳಬಲ್ಲಳು.

ಅದೇ ಪ್ರಶ್ನೆ ಬಹುಬೇಗ ನ್ಯೂಕ್ಲಿಯಿಕ್ ಆಮ್ಲಗಳತ್ತ, ಅಂದರೆ ಡಿಎನ್‌ಎ, ಆರ್‌ಎನ್‌ಎಗಳತ್ತ ತಿರುಗಿತು. ಇಲ್ಲಿ ಲೆಕ್ಕ ಬಲು ಕಠಿಣ. ಒಂದೊಂದು ಘಟಕದ ಬೆನ್ನೆಲುಬಿನಲ್ಲೇ ಆರು ತಿರುವು ಕೋನಗಳಿವೆ. ಅದರ ಮೇಲೆ ಸಕ್ಕರೆಯ ಉಂಗುರದ ಬಾಗು, ಬೇಸ್ ತಿರುಗುವ ಕೋನ ಬೇರೆ. ಒಂದು ಹಾಳೆಯಲ್ಲಿ ಬರೆಯುವ ನಕ್ಷೆಗೆ ಇದು ಒಗ್ಗುವಂಥದ್ದಲ್ಲ. ಶಶಿಶೇಖರನ್ ಹಾಗೂ ಎ. ವಿ. ಲಕ್ಷ್ಮೀನಾರಾಯಣನ್ 1969ರ ಹೊತ್ತಿಗೆ ಸಕ್ಕರೆ ಮತ್ತು ಬೇಸ್‌ಗಳ ನಡುವಿನ ಯಾವ ಭಂಗಿಗೆ ಎಷ್ಟು ಶಕ್ತಿ ಬೇಕೆಂದು ಗಣಿಸಿ ಪ್ರಕಟಿಸಿದರು.

ಬೆಂಗಳೂರಿಗೆ ಮರಳಿದ ರಾಮಚಂದ್ರನ್ 1971ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತ ವಿಭಾಗವನ್ನು ಕಟ್ಟಿದರು. ಡಿಎನ್‌ಎ ಮಾದರಿಗಳ ಗಣನೆ ಅಲ್ಲಿ ಶಶಿಶೇಖರನ್ ಅವರ ನೇತೃತ್ವದಲ್ಲಿ ಮುಂದುವರಿಯಿತು. ಅದೇ ಸಂಸ್ಥೆಯ ಭೌತಶಾಸ್ತ್ರ ವಿಭಾಗದ ಎಂ. ಎ. ವಿಶ್ವಾಮಿತ್ರ ಅವರು ಕೇಂಬ್ರಿಜ್‌ನ ಓಲ್ಗಾ ಕೆನಾರ್ಡ್ ಮೊದಲಾದವರೊಡನೆ, ನಾಲ್ಕೇ ಘಟಕಗಳ ಡಿಎನ್‌ಎ ತುಣುಕೊಂದರ ರಚನೆಯನ್ನು ಪರಮಾಣುಗಳ ಮಟ್ಟದಲ್ಲಿ 1978ರಲ್ಲಿ ತೋರಿಸಿದರು. ಡಿಎನ್‌ಎ ಎಲ್ಲೆಡೆ ಒಂದೇ ಸಮನಾದ ಏಣಿಯಲ್ಲ, ಅಕ್ಷರಗಳ ಕ್ರಮಕ್ಕೆ ತಕ್ಕಂತೆ ಅದರ ತಿರುವೂ ಬದಲಾಗುತ್ತದೆ ಎಂಬ ಅರಿವು ಬೆಳೆಯಲು ಇಂಥ ಕೆಲಸಗಳೇ ನೆರವಾದವು.

ಇನ್ನೊಂದು ಮಾತು. ಅದೇ 1971ರಲ್ಲಿ ಲಕ್ಷ್ಮೀನಾರಾಯಣನ್ ಅವರೊಡನೆ ಪ್ರಕಟಿಸಿದ ಗಣಿತ ವಿಧಾನವೊಂದು, ಕ್ಷ-ಕಿರಣದ ನೆರಳುಗಳಿಂದ ಒಳಗಿನ ಚಿತ್ರವನ್ನು ಮರಳಿ ಕಟ್ಟುವ ಲೆಕ್ಕವನ್ನು ಹಗುರಗೊಳಿಸಿತು. ಸಿ. ಟಿ. ಸ್ಕ್ಯಾನ್ ಮಾಡಿಸಿಕೊಂಡ ನಮ್ಮವರಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು. ನೊಬೆಲ್ ಬರಲಿಲ್ಲ. ಕೊನೆಯ ವರ್ಷಗಳು ಕಾಯಿಲೆಯಲ್ಲಿ ಕಳೆದವು. 1998ರಲ್ಲಿ ಪತ್ನಿ ರಾಜಲಕ್ಷ್ಮಿ ತೀರಿಕೊಂಡರು. ಮರುವರ್ಷ ಸ್ಫಟಿಕ ವಿಜ್ಞಾನದ ಹಿರಿಯ ಗೌರವವಾದ ಇವಾಲ್ಡ್ ಪ್ರಶಸ್ತಿ ಸಂದಿತು. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ರಾಮಚಂದ್ರನ್ ನಿಧನರಾದರು. ಹೊಸದಾಗಿ ಬಿಡಿಸಿದ ಪ್ರೋಟೀನ್ ರಚನೆ ಸರಿಯಾಗಿದೆಯೇ ಎಂದು ನೋಡಲು ವಿಜ್ಞಾನಿಗಳು ಇಂದಿಗೂ ಅದರ ಕೋನಗಳನ್ನು ಅವರ ನಕ್ಷೆಯ ಮೇಲಿಟ್ಟು ಪರೀಕ್ಷಿಸುತ್ತಾರೆ.