ಗಾನಯೋಗಿ ಪಂಚಾಕ್ಷರ ಗವಾಯಿಗಳು ಮತ್ತು ನಮ್ಮ ಮಕ್ಕಳ ದೃಷ್ಟಿ

ಗದಗಿನ ಶ್ರೀ ವೀರೇಶ್ವರ ಪುಣ್ಯಾಶ್ರಮದ ಹೆಸರನ್ನು ಕೇಳದ ಸದ್ಭಕ್ತರು ನಮ್ಮ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಸೀಮೆಯಲ್ಲಿ ವಿರಳ. ಅದರ ಮೂಲಪುರುಷರಾದ ಲಿಂಗೈಕ್ಯ ಪಂಚಾಕ್ಷರ ಗವಾಯಿಗಳನ್ನು ನಾವು ಸಂಗೀತಕ್ಕಾಗಿ ಸ್ಮರಿಸುತ್ತೇವೆ. ಅಂಧ ಮಕ್ಕಳಿಗೆ ಅವರು ಕಟ್ಟಿಕೊಟ್ಟ ಬಾಳನ್ನೂ ಸ್ಮರಿಸಬೇಕು.

1892ರಲ್ಲಿ ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ ಗುರುಪಾದಯ್ಯ, ನೀಲಮ್ಮ ದಂಪತಿಗಳಿಗೆ ಜನಿಸಿದ ಅವರ ಮೊದಲ ಹೆಸರು ಗದಿಗೆಯ್ಯ. ಹುಟ್ಟಿನಿಂದಲೇ ದೃಷ್ಟಿಯಿರಲಿಲ್ಲ. ಅಣ್ಣ ಗುರುಬಸಯ್ಯನಿಗೂ ಇರಲಿಲ್ಲ. ಆ ತಾಯಿಯ ಸಂಕಟವನ್ನು ನಾವು ಊಹಿಸಿಕೊಳ್ಳಬಹುದಷ್ಟೆ. ಸೋದರರ ಕಂಠವನ್ನು ಗುರುತಿಸಿ ಆಶ್ರಯವಿತ್ತವರು ಹಾನಗಲ್ಲ ಕುಮಾರಸ್ವಾಮಿಗಳು. ಗುರುಕೃಪೆಯಿಂದ ಗದಿಗೆಯ್ಯನವರು ನಮ್ಮ ನೆರೆಯ ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನೂ, ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನಿ ಸಂಗೀತವನ್ನೂ ಅಭ್ಯಸಿಸಿ ಪಂಚಾಕ್ಷರ ಗವಾಯಿಗಳೆನಿಸಿದರು.

ಅವರು ಕಟ್ಟಿದ್ದು ಸಂಚಾರಿ ಸಂಗೀತ ಶಾಲೆ. ಅಂಧರನ್ನೂ ಅನಾಥರನ್ನೂ ಕಟ್ಟಿಕೊಂಡು ಊರಿಂದೂರಿಗೆ ನಡೆದರು. ಭಕ್ತರು ನೀಡಿದ್ದನ್ನು ಹಂಚಿ ಉಂಡರು. ಬೋಧಿಸುವವರಿಗೂ ಕಣ್ಣಿಲ್ಲ, ಕಲಿಯುವವರಲ್ಲಿ ಹಲವರಿಗೂ ಇಲ್ಲ. ಪಾಠವೆಲ್ಲ ಕಿವಿಯಿಂದ ಕಂಠಕ್ಕೆ. ಕಣ್ಣಿಲ್ಲದ ಕೂಸಿಗೆ ಭಿಕ್ಷೆಯೇ ಗತಿಯೆನ್ನುತ್ತಿದ್ದ ಕಾಲದಲ್ಲಿ ಅವರು ಕಾಯಕವನ್ನು ಕಲಿಸಿದರು. ಜಾತಿಯನ್ನು ಕೇಳಲಿಲ್ಲ. ಕಣ್ಣಿದ್ದವರೂ ಅವರಲ್ಲಿಗೆ ಕಲಿಯಲು ಬಂದರು. ಬಸವರಾಜ ರಾಜಗುರುಗಳು ಅಂಥವರಲ್ಲೊಬ್ಬರು. ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ಗದಗಿನಲ್ಲಿ ಆಶ್ರಮಕ್ಕೆ ನೆಲೆ ದೊರೆಯಿತು. 1944ರಲ್ಲಿ ಗವಾಯಿಗಳು ಲಿಂಗೈಕ್ಯರಾದರು.

ಅವರ ತರುವಾಯ ಆಶ್ರಮವನ್ನು ಬೆಳೆಸಿದ ಪುಟ್ಟರಾಜ ಗವಾಯಿಗಳು ಎಳವೆಯಲ್ಲಿ ದೃಷ್ಟಿ ಕಳೆದುಕೊಂಡವರು. ಗುರುಗಳು ಹುಟ್ಟುಗುರುಡರು, ಶಿಷ್ಯರು ಹುಟ್ಟಿದ ಮೇಲೆ ಕಣ್ಣು ಕಳೆದುಕೊಂಡವರು. ಈ ಭೇದವನ್ನು ನಾವು ಗಮನಿಸಬೇಕು. ಹುಟ್ಟಿದ ಮೇಲೆ ಬರುವ ಅಂಧತ್ವದಲ್ಲಿ ಬಹುಪಾಲು ತಪ್ಪಿಸಬಹುದಾದುದು. ಅಂದು ಸಿಡುಬು, ದಡಾರ, ಎ ಜೀವಸತ್ವದ ಕೊರತೆಗಳು ಎಷ್ಟೋ ಕೂಸುಗಳ ಕಣ್ಣನ್ನು ಕಿತ್ತುಕೊಂಡವು. ಇಂದು ಸಿಡುಬು ಇಲ್ಲ. 9ನೆಯ ತಿಂಗಳಿನಿಂದ 5 ವರ್ಷದವರೆಗೆ ಎ ಜೀವಸತ್ವದ 9 ಸರದಿಗಳನ್ನು ಸರ್ಕಾರವೇ ಉಚಿತವಾಗಿ ನೀಡುತ್ತದೆ. ಹಿತ್ತಿಲ ನುಗ್ಗೆಸೊಪ್ಪು, ಪರಂಗಿ ಹಣ್ಣುಗಳಲ್ಲಿಯೂ ಆ ಸತ್ವವುಂಟು.

ಆದರೆ ಹೊಸ ಅಪಾಯವೊಂದು ಬಂದಿದೆ. ದಿನ ತುಂಬುವ ಮುನ್ನ ಹುಟ್ಟಿದ ಕೂಸುಗಳು ಇಂದು ಬದುಕುಳಿಯುತ್ತವೆ. ಅವುಗಳ ಅಕ್ಷಿಪಟಲದ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ದೃಷ್ಟಿ ಹೋಗಬಹುದು. 2 ಕಿಲೋಗಿಂತ ಕಡಿಮೆ ತೂಕದ, ಅಥವಾ 34 ವಾರಕ್ಕೆ ಮುನ್ನ ಹುಟ್ಟಿದ ಕೂಸಿನ ಕಣ್ಣನ್ನು 30 ದಿನದೊಳಗೆ ತಜ್ಞರಿಗೆ ತೋರಿಸಲೇಬೇಕು. ಹೊರಗೆ ಏನೂ ಕಾಣುವುದಿಲ್ಲವಾದ್ದರಿಂದ ತಾಯ್ತಂದೆಯರು ತಡಮಾಡುತ್ತಾರೆ. ಕಣ್ಣ ಪಾಪೆ ಬಿಳುಪಾಗಿದ್ದರೆ, ಕೂಸು ದೀಪದತ್ತ ನೋಡದಿದ್ದರೆ, ಕಣ್ಣಲ್ಲಿ ಕೀವು ಸುರಿದರೆ ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸವನ್ನು ಕಣ್ಣಿಗೆ ಬಿಡಬಾರದು. ಕರ್ಮಫಲವೆಂದು ಕೂರುವುದು ಶರಣಮಾರ್ಗವಲ್ಲ. ತಾಲ್ಲೂಕು ಆಸ್ಪತ್ರೆಗೆ, ಅಲ್ಲಿ ತಜ್ಞರಿಲ್ಲದಿದ್ದರೆ ಮಂಡ್ಯದ ಮಿಮ್ಸ್ ಆಸ್ಪತ್ರೆಯ ನೇತ್ರ ವಿಭಾಗಕ್ಕೆ ಅಂದೇ ಒಯ್ಯಬೇಕು. ಶಾಲೆಗೆ ಹೋಗುವ ಮಕ್ಕಳ ಕಣ್ಣನ್ನೂ ವರ್ಷಕ್ಕೊಮ್ಮೆ ಪರೀಕ್ಷಿಸಿಸಿ, ಕನ್ನಡಕ ಬೇಕೆಂದರೆ ಹಿಂಜರಿಯದೆ ತೊಡಿಸಬೇಕು, ಹೆಣ್ಣುಮಕ್ಕಳಿಗೂ.